ಫ್ರೀ ಮಾಡಿಸಿದ ಸೈಲೆನ್ಸರ್

ಮಾವನ ಪಿಕಪ್ಪಿನ ಸೈಲೆನ್ಸರ್ ಕತ್ತರಿಸಿ ಹಾಕಿಸಿದ ಬುದ್ಧಿವಂತ ನಾನೇ. ವೆಲ್ಡಿಂಗ್ ಮಾಡಿದವನು ನನ್ನ ಗೆಳೆಯ, ಗಾಡಿ ಮಾವನದು, ಕೋಳಿಗಳು ನಿಟ್ಟೂರಿನ ಅಕ್ಕನವು. ಇಡೀ ಪ್ರಕರಣದಲ್ಲಿ ನನ್ನದು ಅಂತ ಇದ್ದದ್ದು ತಲೆ ಒಂದೇ, ಅದೂ ಅವತ್ತು ರಜೆಯಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಹೇಳುತ್ತಾ ಹೇಳುತ್ತಾ ತಪ್ಪನ್ನು ನಯವಾಗಿ ಗೆಳೆಯನ ಕಡೆಗೆ ಜಾರಿಸಿಬಿಡುತ್ತೇನೆ. ಹಿಂದೆ ಹಾಗೆ ಹೇಳಿದ್ದೂ ಉಂಟು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಓದು ಮುಗಿಸಿದ್ದೇನೆ ಎಂದು ಮನೆಯವರು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದರು. ನಿಜವಾಗಿ ಓದೇ ನನ್ನನ್ನು ಕೈಬಿಟ್ಟಿತ್ತು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಸೋದರಮಾವನ ಮನೆ ಸೇರಿಕೊಂಡು, ಅವರ ಡೀಸೆಲ್ ಪಿಕಪ್ಪಿನಲ್ಲಿ ಲೋಡು ಹತ್ತಿಸಿ ಇಳಿಸುವುದು, ಅವರಿಗೆ ಸುಸ್ತಾದಾಗ ಸ್ಟೇರಿಂಗ್ ಹಿಡಿಯುವುದು ನನ್ನ ಉದ್ಯೋಗ. ಉಪ ಉದ್ಯೋಗ ಮಿಮಿಕ್ರಿ. ಬೀದಿಯ ಸೊಪ್ಪಿನಜ್ಜಿಯಿಂದ ಹಿಡಿದು ಗುಬ್ಬಿ ಬಸ್ಸಿನ ಕಂಡಕ್ಟರ್‌ವರೆಗೆ ಯಾರೂ ನನ್ನ ಬಾಯಿಂದ ತಪ್ಪಿಸಿಕೊಂಡಿರಲಿಲ್ಲ. ಒಮ್ಮೆ ಪಕ್ಕದ ಮನೆ ಮೇಷ್ಟ್ರ ದನಿಯಲ್ಲಿ ಅವರ ಮಕ್ಕಳನ್ನೇ ಓದಲು ಕೂರಿಸಿದ್ದೆ. ಅತ್ತೆ ಮಾತ್ರ ನಗುತ್ತಿರಲಿಲ್ಲ. "ಎಲ್ರ ದನಿನೂ ತೆಗೀತೀಯ. ನಿಂದು ಅಂತ ಒಂದ್ ದನಿ ಐತೇನ್ಲಾ?" ಅನ್ನುತ್ತಿದ್ದರು.

ಪಿಕಪ್ಪಿಗೆ ಖಾಯಂ ಬಾಡಿಗೆ ಅಂತ ಇದ್ದದ್ದು ಒಂದೇ. ಗುಬ್ಬಿ ದಾಟಿ ನಿಟ್ಟೂರಿನ ಆಚೆ ಒಂದು ಕೋಳಿ ಫಾರಂ. ಅದನ್ನು ನಡೆಸುತ್ತಿದ್ದವರು ಗಂಡನಿಲ್ಲದ ಒಬ್ಬ ಹೆಂಗಸು, ಊರಿಗೆಲ್ಲ ಅಕ್ಕ. ಬೆಳಿಗ್ಗೆ ಅಲ್ಲಿ ಮೊಟ್ಟೆ ಟ್ರೇಗಳನ್ನು ಹೇರಿಕೊಂಡರೆ ತುಮಕೂರಿನ ಅಂಗಡಿಗಳಿಗೆ ಒಂದಷ್ಟು, ಕುಣಿಗಲ್ಲಿನ ಬೇಕರಿ, ಹೋಟೆಲುಗಳಿಗೆ ಉಳಿದದ್ದು. ಆ ಲೋಡನ್ನು ನಂಬಿಕೊಂಡೇ ಮಾವ ಗಾಡಿ ತೆಗೆದಿದ್ದರು. ಅದೊಂದು ತಪ್ಪಿದರೆ ಸ್ಟ್ಯಾಂಡಿನಲ್ಲಿ ನಿಂತು, ಯಾರು ಮನೆ ಖಾಲಿ ಮಾಡುತ್ತಾರೆ, ಯಾರು ಬೀರು ಕೊಳ್ಳುತ್ತಾರೆ ಎಂದು ದಾರಿ ಕಾಯಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಫಾರಮ್ಮಿಗೆ ಅದರದೇ ಶಾಸ್ತ್ರ. ಗೇಟಿನಿಂದ ಶೆಡ್ಡಿನವರೆಗೆ ಸಣ್ಣ ಇಳಿಜಾರು. ಮಾವ ಗೇಟಿನಲ್ಲೇ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಗಾಡಿಯನ್ನು ತೆಪ್ಪಗೆ ಉರುಳಿಸಿಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಹಾರ್ನ್ ಮುಟ್ಟುವ ಹಾಗಿಲ್ಲ. ಶೆಡ್ಡಿನ ಬಾಗಿಲು ತೆಗೆಯುವ ಮೊದಲು ಹೊರಗಿನಿಂದಲೇ ಮೆಲ್ಲಗೆ "ಬಂದೆ, ಬಂದೆ" ಅನ್ನಬೇಕು. ಅಕ್ಕ ಹಾಗೆ ಅನ್ನುವುದನ್ನು ನಾನು ಆಳುಗಳ ಮುಂದೆ ಅಣಕಿಸಿ ತೋರಿಸುತ್ತಿದ್ದೆ, "ಕೋಳಿಗಳೇನ್ ಬೀಗರಾ?" ಅಂತ.

ಆ ವರ್ಷ ಗಾಡಿ ಎಳೆಯುವುದನ್ನು ಕಡಿಮೆ ಮಾಡಿತು. ಲೋಡ್ ಹಾಕಿದರೆ ಏರಿನಲ್ಲಿ ಮುಲುಗುತ್ತಿತ್ತು, ಹಿಂದೆ ಕರೀ ಹೊಗೆ. ಮಾವನಿಗೆ ಕುಣಿಗಲ್ಲಿನಲ್ಲಿ ನೆಂಟರ ತಿಥಿ ಇತ್ತು. ಬಸ್ಸಿಗೆ ಹೊರಟವರು ಚಪ್ಪಲಿ ಮೆಟ್ಟುತ್ತಲೇ ಹೇಳಿದರು: "ಅಳಿಯಾ, ಸೈಲೆನ್ಸರ್ ಕಟ್ಕೊಂಡೈತೆ. ಇವತ್ತು ಸತ್ಯಮಂಗಲಕ್ಕೋಗಿ ಫ್ರೀ ಮಾಡ್ಸ್ಕೊಂಡ್ ಬಾ. ನಾಳೆ ಮೊಟ್ಟೆ ನೀನೇ ತಂದ್ಬುಡು."

ಫ್ರೀ ಮಾಡಿಸುವುದು ಅಂದರೆ ಸೈಲೆನ್ಸರ್ ಬಿಚ್ಚಿ, ಒಳಗೆ ಕಟ್ಟಿಕೊಂಡ ಮಸಿಯನ್ನು ಕಾಯಿಸಿ, ಬಡಿದು, ಉದುರಿಸಿ ಮತ್ತೆ ಹಾಕುವುದು. ಗ್ಯಾರೇಜು ಕಂಡವರಿಗೆಲ್ಲ ಗೊತ್ತಿರುವ ಮಾತು. ಆದರೆ ಆಗ ಹೈವೇಯಲ್ಲಿ ಓಡಾಡುವ ಕೆಲವು ಗಾಡಿಗಳಿಗೆ ಸೈಲೆನ್ಸರ್ ಡಬ್ಬವನ್ನೇ ತೆಗೆಸಿ, ದಪ್ಪನೆಯ ನೇರ ಪೈಪ್ ಹಾಕಿಸಿಕೊಳ್ಳುವ ಹುಚ್ಚು ಹಿಡಿದಿತ್ತು. ಅದಕ್ಕೂ ಹುಡುಗರ ಬಾಯಲ್ಲಿ ಫ್ರೀ ಎಂದೇ ಹೆಸರು. ಒಂದು ಪದ, ಎರಡು ಅರ್ಥ. ನಡುವೆ ನಾನು.

ಸತ್ಯಮಂಗಲದ ವೆಲ್ಡಿಂಗ್ ಶಾಪಿನಲ್ಲಿದ್ದವನು ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ ಸಾಬರ ಹುಡುಗ. ಅವರಪ್ಪ ಊಟಕ್ಕೆ ಹೋಗಿದ್ದರು.

"ಫ್ರೀ ಅಂದ್ರೆ ಎಂಥ ಫ್ರೀ?" ಅಂದ. "ಮಸಿ ಫ್ರೀನೋ, ಫುಲ್ ಫ್ರೀನೋ?"

"ಫುಲ್."

"ನಿಮ್ ಮಾವಂಗೆ ಗೊತ್ತಾ?"

"ಅವ್ರೇ ಹೇಳಿರೋದು," ಅಂದು, ಮಾವನ ಗಂಟಲು ತೆಗೆದೆ. ಆ ಗೊಗ್ಗರು, ಆ ಕೆಮ್ಮು, ಎಲ್ಲ ಸೇರಿಸಿ: "ಅಳಿಯಾ, ಫ್ರೀ ಮಾಡ್ಸ್ಕೊಂಡ್ ಬಾ."

ಅವನು ಬಿದ್ದು ಬಿದ್ದು ನಕ್ಕ. "ಅರೆ ಯಾರ್, ಇದು ನಿಮ್ ಮಾವನ್ ಆರ್ಡರ್ರೋ ನಿಂದೋ?"

"ದನಿ ಅವ್ರದೇ ತಾನೇ? ಕಟಿಂಗ್ ಗ್ಯಾಸ್ ಹಚ್ಚು ಗುರು."

ಕೆಲಸ ಮಾತ್ರ ಭಾರೀ ಚೊಕ್ಕ. ಗುಜರಿಗೆ ಬಂದಿದ್ದ ಲಾರಿಯೊಂದರ ದಪ್ಪ ಪೈಪನ್ನು ಹುಡುಕಿದ. ಬಗ್ಗಿಸುವಾಗ ಚಪ್ಪಟೆಯಾಗಬಾರದೆಂದು ಒಳಗೆ ಮರಳು ಗಿಡಿದು, ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ನಿಧಾನಕ್ಕೆ ಬೆಂಡ್ ತೆಗೆದ. ಎಂಜಿನ್ನಿನ ಬುಡದಿಂದ ಬಾಡಿಯ ಪಕ್ಕದವರೆಗೆ ಒಂದೇ ಓಟ. ತುದಿಯನ್ನು ಓರೆಯಾಗಿ ಕತ್ತರಿಸಿ ಪಾಲಿಶ್ ಬೇರೆ. ಹಳೇ ಡಬ್ಬ ಗುಜರಿ ರಾಶಿಗೆ ಹೋಯಿತು. ಸ್ಟಾರ್ಟ್ ಮಾಡಿದೆ ನೋಡಿ, ಶಾಪಿನ ತಗಡೆಲ್ಲ ಅದುರಿತು. ಎಳೆತವೂ ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಶೆಟ್ಟಿಹಳ್ಳಿಗೆ ಬಂದಾಗ ಅತ್ತೆ ಕೈಯಲ್ಲಿ ಪೊರಕೆ ಹಿಡಿದೇ ಬೀದಿಗೆ ಬಂದರು. "ಏನ್ಲಾ ಇದು, ರೋಡ್ ರೋಲರ್ರಾ?"

"ನಿಮ್ ತಮ್ಮನ್ ಗಾಡಿಗೆ ದನಿ ಬಂದೈತೆ" ಎಂದು ನನ್ನಮ್ಮನಿಗೆ ಹೇಳಿ ಕಳಿಸುತ್ತೇನೆ ಅಂದರು ಅತ್ತೆ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಮರುದಿನ ನಿಟ್ಟೂರಿನ ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ನಾನು ಅಲ್ಲಿಯವರೆಗೆ ಬೇರೆಯವರ ದನಿಯಿಂದಲೇ ಹೆಸರು ಮಾಡಿದವನು. ಈಗ ಕಾಲಿನ ಕೆಳಗೆ ಒಂದು ಗರ್ಜನೆ, ಒತ್ತಿದಷ್ಟೂ ಜೋರು. ಫಾರಂ ಗೇಟು ಬಂತು. ಎಂಜಿನ್ ಆಫ್ ಮಾಡಬೇಕಿತ್ತು. ಕೈ ಕೀ ಹತ್ತಿರ ಹೋದದ್ದು ಕೂಡ ನೆನಪಿದೆ. ಆಳುಗಳು ಶೆಡ್ಡಿನ ಮುಂದೆ ನಿಂತಿದ್ದರು. ಅವರಿಗೆ ತೋರಿಸಬೇಕಲ್ಲ, ಹಾಗಾಗಿ ಇಳಿಜಾರಿನಲ್ಲಿ ಗೇರಿನಲ್ಲೇ ಇಳಿದೆ. ನಿಲ್ಲಿಸುವ ಮುನ್ನ ಒಂದು ರೇಸ್ ಕೊಟ್ಟೆ.

ಪಕ್ಕದ ಶೆಡ್ಡಿನಲ್ಲಿ ಎಳೇ ಕೋಳಿಗಳಿದ್ದವು. ಇನ್ನೂ ಮೊಟ್ಟೆಗೆ ಬರದ, ಗೂಡಿಗೆ ಹಾಕದ, ನೆಲಕ್ಕೆ ಹರಡಿದ ಭತ್ತದ ಹೊಟ್ಟಿನ ಮೇಲೆ ಬಿಟ್ಟು ಸಾಕುವ ಹಿಂಡು. ಎಂಜಿನ್ ನಿಂತರೂ ಒಳಗಿನ ರೆಕ್ಕೆ ಬಡಿತ ನಿಲ್ಲಲಿಲ್ಲ. ಅಕ್ಕ ನನ್ನ ಕಡೆ ನೋಡದೆ ಬಾಗಿಲಿಗೆ ಓಡಿದರು, ಆಗಲೂ "ಬಂದೆ, ಬಂದೆ" ಅನ್ನುತ್ತಲೇ. ಹಿಂದೆಯೇ ಹೋದೆ. ಇಡೀ ಹಿಂಡು ಹೆದರಿ ಒಂದೇ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಹತ್ತಿ, ಮೋಟುಗೋಡೆಯ ಎತ್ತರಕ್ಕೆ ಬಿಳೀ ಗುಡ್ಡೆಯಾಗಿತ್ತು. ಮೇಲಿನವು ಕೂಗುತ್ತಿದ್ದವು. ಕೆಳಗಿನವು ಕೂಗುತ್ತಿರಲಿಲ್ಲ.

ಎಲ್ಲರೂ ಎರಡೂ ಕೈಯಲ್ಲಿ ತೆಗೆದು ತೆಗೆದು ಆಚೆ ಬಿಟ್ಟೆವು. ಅಡಿಯಿಂದ ಬಂದವುಗಳ ಕತ್ತು ಜೋತುಬಿದ್ದಿತ್ತು. ಅಕ್ಕ ಒಂದೊಂದರ ಎದೆ ತಿಕ್ಕಿ, ಮೂತಿಗೆ ಗಾಳಿ ಊದಿ, ಏಳದ್ದನ್ನು ಪಕ್ಕಕ್ಕಿಡುತ್ತಿದ್ದರು. ಪಕ್ಕದ ಸಾಲು ಬೆಳೆಯುತ್ತಾ ಹೋಯಿತು. ನನ್ನ ಕೈಯಲ್ಲಿದ್ದ ಒಂದು ಇನ್ನೂ ಬಿಸಿಯಾಗಿತ್ತು, ಸತ್ತಿದೆ ಎಂದು ನಂಬಲಾರದಷ್ಟು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಆಮೇಲೆ ಅದನ್ನೂ ಅಣಕಿಸಿ ಹಗುರ ಮಾಡಿಕೊಳ್ಳುತ್ತಿದ್ದೆನೋ ಏನೋ. ಅಕ್ಕ ಆಳುಗಳಿಗೆ ಮಾತ್ರ ಹೇಳಿದರು: "ಗಾಡಿ ಇಲ್ಲಿ ಸ್ಟಾರ್ಟ್ ಮಾಡ್ಬ್ಯಾಡಿ. ಗೇಟ್ ತಂಕ ತಳ್ರಿ. ಟ್ರೇ ಅಲ್ಲಿಗೇ ಹೊತ್ಕೊಂಡೋಗಿ ತುಂಬ್ರಿ." ಹಾಗೆ ತಳ್ಳಿಸಿಕೊಂಡೇ ನನ್ನ ಗರ್ಜನೆ ಹೊರಗೆ ಬಂತು.

ಕುಣಿಗಲ್ಲಿಂದ ಬಂದ ಮಾವ ಎಲ್ಲ ಕೇಳಿ, ಗಾಡಿಯ ಕೆಳಗೆ ಬಗ್ಗಿ ಪೈಪ್ ನೋಡಿದರು.

"ಫ್ರೀ ಮಾಡ್ಸು ಅಂದ್ರೆ ಮಸಿ ತೆಗ್ಸು ಅಂತ ಕಣೋ," ಅಂದರು. "ಜೈಲಿಂದ ಬಿಡ್ಸು ಅಂತಲ್ಲ."

ನನಗೆ ಗೊತ್ತಿರಲಿಲ್ಲ ಮಾವ ಅಂದೆ. ಅವರು ನಂಬಿದರು. ಇವತ್ತಿಗೂ ನನ್ನನ್ನು ಚುಚ್ಚುವುದು ಕೋಳಿಗಳಿಗಿಂತ ಹೆಚ್ಚಾಗಿ ಆ ನಂಬಿಕೆ.

ಗುಜರಿಯಲ್ಲಿ ಹಳೇ ಡಬ್ಬ ಸಿಗಲಿಲ್ಲ, ಆಗಲೇ ಕರಗಲು ಹೋಗಿತ್ತು. ಅದೇ ಅಳತೆಯ ಇನ್ನೊಂದನ್ನು ಹುಡುಕಿ ಹಾಕಿಸಿದೆವು. ಗೆಳೆಯ ಕೆಲಸ ಮುಗಿಸುವವರೆಗೂ ಅವರಪ್ಪ ಪಕ್ಕದಲ್ಲೇ ನಿಂತಿದ್ದರು. ಗಾಡಿ ಮತ್ತೆ ಮೊದಲಿನಂತೆ ಗೊಣಗತೊಡಗಿತು. ಅಷ್ಟರಲ್ಲಿ ಮೊಟ್ಟೆ ಬೇರೆ ಗಾಡಿಯಲ್ಲಿ ಹೋಗುತ್ತಿದೆ ಎಂದು ಗುಬ್ಬಿಯಲ್ಲಿ ಯಾರೋ ಹೇಳಿದರು. ಆದರೂ ಒಂದು ಮಾತು ಕೇಳೋಣ ಎಂದು ಮಾವ ನನ್ನನ್ನೂ ಕರೆದುಕೊಂಡು ಹೊರಟರು.

ಆಮೇಲಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಾವ ಎರಡು ಮೂರು ವರ್ಷ ಸ್ಟ್ಯಾಂಡಿನಲ್ಲಿ ನಿಂತರು, ಬಾಳೆಗೊನೆ, ಶಾಮಿಯಾನ, ಮಂಚ ಹೊತ್ತರು, ಕೊನೆಗೆ ಗಾಡಿ ಮಾರಿ ಇನ್ನೊಬ್ಬರ ಲಾರಿಗೆ ಡ್ರೈವರಾದರು. ನನಗೆ ಒಂದು ದಿನವೂ ಎತ್ತಿ ಆಡಲಿಲ್ಲ. ನಾನು ಅವರ ದನಿ ತೆಗೆಯುವುದನ್ನು ಬಿಟ್ಟೆ. ಮದುವೆ ಮನೆಗಳಲ್ಲಿ ಜನ ಕೇಳಿದರೆ ಗಂಟಲು ಸರಿಯಿಲ್ಲ ಅನ್ನುತ್ತೇನೆ.

ಅಕ್ಕನನ್ನು ಕೇಳಲು ಹೋದ ಆ ದಿನ ಮಾವ ಗೇಟಿನ ಹೊರಗೇ ಎಂಜಿನ್ ಆಫ್ ಮಾಡಿದರು. ಅಕ್ಕ ಬಂದು ಗೇಟಿನ ಒಳಗೆ ನಿಂತರು. ಚಿಲಕ ತೆಗೆಯಲಿಲ್ಲ.

"ತಪ್ ನಂದೇ ಅಕ್ಕ," ಅಂದರು ಮಾವ. "ನಾನೇ ಸರ್ಯಾಗಿ ಹೇಳ್ಲಿಲ್ಲ, ಹುಡ್ಗ ಹಂಗೆ ಮಾಡ್ಸ್ಬುಟ್ಟ."

ಅಕ್ಕ ಅವರನ್ನು ನೋಡಿದರು, ನನ್ನನ್ನು ನೋಡಿದರು. "ನಿಮ್ಮೇಲ್ ಸಿಟ್ಟಿಲ್ಲ ಅಣ್ಣ. ಉಳ್ದಿರೋವು ಈಗ ಯಾವ್ ಗಾಡಿ ಬಂದ್ರೂ ಮೂಲೆಗ್ ಓಡ್ತವೆ. ಟ್ರೇಗಳ್ನ ತಲೆ ಮ್ಯಾಲೆ ಹೊರ್ಸಿ ಊರ್ ಬಾಗ್ಲಲ್ಲಿ ಲೋಡ್ ಮಾಡ್ಸ್ತಿದೀನಿ."

ಮಾವ ತಲೆಯಾಡಿಸಿ ಗಾಡಿಯ ಕಡೆ ತಿರುಗಿದರು. ಸುಮ್ಮನಿರಲು ಬಾರದವನು ನಾನು. ಗಾಡಿಗೆ ಹತ್ತಿ, ಮೆಲ್ಲಗೆ ಸ್ಟಾರ್ಟ್ ಮಾಡಿ, ಕಿಟಕಿಯಿಂದ ಕತ್ತು ಹಾಕಿ ಅಂದೆ: "ಅಕ್ಕಾ, ಹಳೇ ಥರದ್ದೇ ಹಾಕ್ಸಿದೀವಿ. ಈಗ ಸದ್ದೇ ಇಲ್ಲ, ಬೇಕಾದ್ರೆ ಕೇಳಿ ನೀವೇ."

ಅಕ್ಕ ನಿಜಕ್ಕೂ ನಿಂತು ಕೇಳಿಸಿಕೊಂಡರು. ಆಮೇಲೆ ಅಂದರು:

"ನಂಗ್ ಕೇಳುಸ್ತು ಕಣಪ್ಪ. ಕೋಳಿಗಳಿಗೆ ಯಾರ್ ಹೇಳ್ತಾರೆ, ನೀನಾ?"