ಬಿರುಕು ತಿದ್ದಿದ ಫೋಟೋದವರು

1936ರ ಬೇಸಿಗೆಯಲ್ಲಿ ಕೊಪ್ಪದ ಹತ್ತಿರ ನಾಲೆಯ ಗೋಡೆ ಬಿರುಕು ಬಿಟ್ಟಿತು. ಅದರ ಚಿತ್ರ ತೆಗೆಯಲು ನಮ್ಮ ಓವರ್‌ಸಿಯರು ಮದ್ದೂರಿನ ಫೋಟೋದವರನ್ನು ಕರೆಸಿದರು. ನಾಲೆ ಕಚೇರಿಯ ಗುಮಾಸ್ತನಾಗಿ ನಾನೂ ಜೊತೆಗೆ ಹೋಗಿದ್ದೆ.

ಫೋಟೋದವರ ಕೋಟಿನ ಜೇಬಿನಲ್ಲಿ ಸದಾ ಚೂಪಾದ ಪೆನ್ಸಿಲು ಇರುತ್ತಿತ್ತು. ಚಿತ್ರ ಮೂಡಿದ ಗಾಜಿನ ಪ್ಲೇಟಿನ ಮೇಲೆ ಅದನ್ನು ಆಡಿಸಿದರೆ ಮುಖದ ಸಿಡುಬಿನ ಕಲೆ, ಸುಕ್ಕು ಎಲ್ಲ ಮಾಯ. ಅವತ್ತು "ಒಸಿ ತಡೀರಿ ಸ್ವಾಮಿ, ಬೆಳಕು ಬರ್ಲಿ" ಎನ್ನುತ್ತಲೇ ನಮ್ಮನ್ನು ಸಂಜೆ ನಾಲ್ಕರವರೆಗೆ ಬಿಸಿಲಲ್ಲಿ ನಿಲ್ಲಿಸಿದರು.

ಚಿತ್ರ ಬಂತು. ಗೋಡೆ ಸೊಗಸಾಗಿತ್ತು. ಬಿರುಕು ಮಾತ್ರ ಇರಲಿಲ್ಲ.

"ಬಿರುಕೆಲ್ರೀ?" ಎಂದರು ಓವರ್‌ಸಿಯರು.

"ತಿದ್ದಿಬುಟ್ಟೆ ಸ್ವಾಮಿ. ಅದೊಂದೇ ಕಣ್ಣಿಗೆ ಕುಕ್ತಿತ್ತು."

"ಅದು ಕಾಣದಿದ್ರೆ ರಿಪೇರಿಗೆ ಮಂಜೂರಾತಿ ಬರಲ್ಲ ಕಣ್ರೀ. ನೀರು ಬಿಟ್ಟ ದಿನ ಗೋಡೆ ಬಿದ್ರೆ ಕೊಪ್ಪದವರ ಗದ್ದೆ ಕೊಚ್ಕೊಂಡು ಹೋಗುತ್ತೆ."

ಫೋಟೋದವರು ತಮ್ಮ ಚಿತ್ರದ ಮೇಲಿನ ಧೂಳನ್ನು ಕೋಟಿನ ತೋಳಿನಿಂದ ಒರೆಸಿದರು. "ಆಗ್ಲಿ, ಇನ್ನೊಂದು ತೆಗೀತೀನಿ. ಇದನ್ನ ಮಾತ್ರ ಹರೀಬ್ಯಾಡಿ" ಎಂದರು.

ಮರುದಿನ ಕೊಪ್ಪದ ಗೌಡರೊಬ್ಬರು ಅಳತೆಕೋಲು ಹಿಡಿದು ಬಿರುಕಿನ ಪಕ್ಕ ನಿಂತರು. ಎಪ್ಪತ್ತರ ಆಸುಪಾಸಿನ ಮನುಷ್ಯ.

"ಬಿರ್‍ನೆ ತಗಿಯಪ್ಪ, ದನ ಕಾಯ್ತಾವೆ."

"ಒಸಿ ತಡೀರಿ ಗೌಡ್ರೇ, ಬೆಳಕು ಬರ್ಲಿ."

"ಬೆಳಗ್ಗಿಂದ ಮತ್ತೇನು ಕತ್ಲೆನಾ ಇರೋದು?"

ಈ ಸಲ ಬಿರುಕಿಗೆ ಪೆನ್ಸಿಲು ಸೋಕಿರಲಿಲ್ಲ. ಕೋಲಿನ ಅಂಗುಲಗಳನ್ನು ಎಣಿಸಬಹುದಿತ್ತು. ಮಳೆಗೆ ಮುಂಚೆ ಮಂಜೂರಾತಿ ಬಂತು, ಗೋಡೆಯ ರಿಪೇರಿಯೂ ಮುಗಿಯಿತು. ನಾನು ಕಡೆಯ ಸಲ ನೋಡಿದಾಗ ಆ ಚಿತ್ರ ಕಡತದಲ್ಲೇ ಇತ್ತು. ಅದರಲ್ಲಿ ಗೌಡರ ಮುಖದ ಮೇಲೆ ಒಂದು ಸುಕ್ಕೂ ಇಲ್ಲ.