ಟರ್ಕಿ ಕೋಳಿ ಮತ್ತು ಅಪ್ಪನ ಪ್ಯಾಂಟು

ಗೆಳೆಯರೇ, ಇಂದು ಬೆಳಿಗ್ಗೆ ದೊಡ್ಡನೆಕ್ಕುಂದಿಯ ನಮ್ಮ ಅಂಗಳಕ್ಕೆ ಒಂದು ಭಯಂಕರ ಮೃಗ ಪ್ರವೇಶಿಸಿತು. ಮೈ ಹದ್ದಿನಂತೆ, ತಲೆ ಬೋಳು, ಕೊರಳಲ್ಲಿ ಕೆಂಪು ಮಾಂಸ ಜೋಲಾಡುತ್ತಿತ್ತು. ನಮ್ಮಜ್ಜಿ ತಡಮಾಡಲಿಲ್ಲ. ಕೋಳಿ, ಮೇಕೆ, ಗಬ್ಬದ ಹಸು ಎಲ್ಲವನ್ನೂ ಮನೆಯೊಳಗೆ ನುಗ್ಗಿಸಿ, ತಾವೂ ಒಳಸೇರಿ ಅಗುಳಿ ಹಾಕಿಕೊಂಡರು. ಹೊರಗೆ ಉಳಿದವರು ನಾನು, ಆ ಮೃಗ, ಮತ್ತು ಬಚ್ಚಲಿನಿಂದ ಟವೆಲ್ಲಿನಲ್ಲಿ ಬಂದ ಅಪ್ಪ. ಅಪ್ಪನ ಫ್ಯಾಕ್ಟರಿ ಬಸ್ಸು ಬರುವ ಹೊತ್ತು. ಅಪ್ಪ ಬಾಗಿಲು ಬಡಿದರು.

“ಅವ್ವಾ, ನಾವಿನ್ನೂ ಒರ್ಗೇ ಇದ್ದೀವಲ್ಲವ್ವ.”

“ನೀವು ಓಡ್ತೀರ. ಗಬ್ಬದ ಅಸ ಓಡ್ತದೇನ್ಲಾ?”

“ಕಾಕಿ ಪ್ಯಾಂಟಾದ್ರೂ ಕೊಡವ್ವ, ಬಸ್ ಓಯ್ತದೆ.”

“ಅದು ಓಗೋಗಂಟ ಬಾಗ್ಲು ತೆಗ್ಯಾಕಿಲ್ಲ.”

ಅಷ್ಟರಲ್ಲಿ ವೈಟ್‌ಫೀಲ್ಡಿನ ಬಂಗಲೆಯ ಮೇಡಂ ಏದುಸಿರು ಬಿಡುತ್ತ ಬಂದು, ಮೃಗವನ್ನು ಮಗುವಿನಂತೆ ಎತ್ತಿಕೊಂಡರು. “ನಮ್ಮ ಟರ್ಕಿ ಕೋಳಿ ಅಷ್ಟೇ. ಪಾಪ, ನಿಮ್ಮನ್ನ ನೋಡಿ ಹೆದ್ರಿಬಿಟ್ಟಿದೆ,” ಎಂದರು. ಅಪ್ಪ ಟವೆಲ್ಲು ಬಿಗಿಮಾಡಿಕೊಂಡರು.

ಬಾಗಿಲು ತೆರೆಯಿತು. ಕೋಳಿ, ಹಸು ಕ್ಷೇಮ. ಮೇಕೆಯೂ ಕ್ಷೇಮ, ಕಾಕಿ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನವರೆಗೆ ತಿಂದು ಮುಗಿಸಿತ್ತು. ಬಸ್ಸು ಅಪ್ಪನನ್ನು ಬಿಟ್ಟು ಹೋಯಿತು. ಅಪರಿಚಿತ ಪ್ರಾಣಿಯಿಂದ ನಮ್ಮ ಕುಟುಂಬಕ್ಕೆ ಯಾವ ಹಾನಿಯೂ ಆಗಿಲ್ಲವೆಂದು ತಿಳಿಸಲು ಸಂತೋಷಪಡುತ್ತೇನೆ.