ಬೆಂಡಿನ ಟೇಸನ್

ಕೈ ಚಲೋ ಇದ್ದವರನ್ನು ಕಂಡಕಂಡಲ್ಲಿ ಹೊಗಳುವ ಮಂದಿಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಹೊಗಳುವವರಿಗೇನು, ಹೊಗಳಿ ತಮ್ಮ ಮನೆಗೆ ಹೋಗುತ್ತಾರೆ. ಹೊಗಳಿಸಿಕೊಂಡವನ ಕೈಗೆ ಆಮೇಲೆ ಕಡಿವಾಣ ಹಾಕುವವರು ಯಾರು? ಕಮಲಾಪುರದ ಮಲಂಗಸಾಬ ತಲೆ ತಗ್ಗಿಸಿ ಓಡಾಡುವಂತಾದದ್ದು ಇಂಥ ಹೊಗಳಿಕೆಯಿಂದಲೇ ಎಂದರೆ ನಮ್ಮೂರವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಲಿ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಮಲಂಗಸಾಬ ಬೆಂಡಿನ ಕೆಲಸದವನು. ಕೆರೆಯ ದಂಡೆಯಲ್ಲಿ ಬೆಳೆಯುವ ಬೆಂಡನ್ನು ತಂದು ಒಣಗಿಸಿ, ಹಾಳೆಯಷ್ಟು ತೆಳ್ಳಗೆ ಸೀಳಿ, ಮದುವೆಗೆ ಬಾಸಿಂಗ, ಮೊಹರಂಗೆ ತಾಬೂತ ಮಾಡುತ್ತಿದ್ದ. ನಿಜಾಮರ ಸರ್ಕಾರದ ಆ ಕಾಲದಲ್ಲಿ ಸುತ್ತಲಿನ ಹಳ್ಳಿಗಳ ಮದುಮಕ್ಕಳ ಹಣೆಗೆಲ್ಲ ಅವನ ಬಾಸಿಂಗವೇ. ತಾಬೂತದ ಕಿಟಕಿಗಳಲ್ಲಿ ಅವನು ಕತ್ತರಿಸಿದ ಜಾಲರಿ ನೋಡಲು ಹುಮನಾಬಾದಿನಿಂದಲೂ ಜನ ಬರುತ್ತಿದ್ದರು. ‘ಮಲಂಗನ ಕೈಯಾಗ ಜೀವ ಅದ’ ಎಂದು ಯಾರಾದರೂ ಅಂದರೆ, ‘ಎಲ್ಲಾ ಅಲ್ಲಾನ ಮೆಹರಬಾನಿ’ ಎಂದು ನೆಲ ನೋಡುತ್ತಿದ್ದ. ನೆಲ ನೋಡುತ್ತಲೇ, ಇನ್ನೊಬ್ಬರು ಏನು ಹೇಳುತ್ತಾರೆಂದು ಕಿವಿ ತೆರೆದಿಟ್ಟಿರುತ್ತಿದ್ದ.

ಅವನಿಗೆ ರೈಲಿನ ಹುಚ್ಚು ಹಿಡಿಸಿದ್ದು ಶಿವಕಾಂತಮ್ಮ. ಆಕೆಯ ಗಂಡ ಜಗದೇವಪ್ಪ ಬಾಳೆಹಣ್ಣಿನ ದೊಡ್ಡ ವ್ಯಾಪಾರಿ. ಕಮಲಾಪುರದ ಕೆಂಪು ಬಾಳೆ ಇವರ ಬಂಡಿಗಳಲ್ಲಿ ಕಲಬುರಗಿ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ರೈಲು ಹತ್ತಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಹಣ್ಣಿಗೆ ಸಿಕ್ಕ ಆ ಭಾಗ್ಯ ಶಿವಕಾಂತಮ್ಮನಿಗೆ ಸಿಕ್ಕಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆಕೆ ಹೊಸಿಲು ದಾಟಿದ್ದು ಗುಡಿಗೆ ಮತ್ತು ತವರಿಗೆ ಮಾತ್ರ. ಭಾದ್ರಪದದಲ್ಲಿ ಅವರ ಮನೆಯಲ್ಲಿ ಲಕ್ಷ್ಮಿ ಕೂಡಿಸುತ್ತಿದ್ದರು. ಲಕ್ಷ್ಮಿಯ ಮುಂದೆ ಗೊಂಬೆ, ಹಣ್ಣು, ಬಣ್ಣದ ಕೋಟೆಗಳನ್ನು ಜೋಡಿಸುವುದು ಪದ್ಧತಿ. ಅರಿಷಿಣ ಕುಂಕುಮಕ್ಕೆ ಊರ ಹೆಂಗಸರೆಲ್ಲ ಬಂದು ನೋಡಿ, ಯಾರ ಮನೆಯದು ಹೆಚ್ಚು, ಯಾರ ಮನೆಯದು ಕಡಿಮೆ ಎಂದು ವರ್ಷವಿಡೀ ಮಾತಾಡುತ್ತಿದ್ದರು.

“ಈ ಸಲ ಲಕ್ಷ್ಮಿ ಮುಂದ ರೈಲು ಓಡಬೇಕು ನೋಡು ಮಲಂಗಸಾಬ,” ಅಂದಳು ಶಿವಕಾಂತಮ್ಮ. “ಬರೇ ರೈಲಲ್ಲ. ಇಡೀ ಕಲಬುರಗಿ ಟೇಸನ್. ನಾ ಅಂತೂ ಹೋಗಿ ನೋಡೂದಿಲ್ಲ, ಅದಾದ್ರೂ ಇಲ್ಲಿಗೆ ಬರಲಿ.”

“ಬರ್ತದರೀ ಅಮ್ಮಾವ್ರ,” ಅಂದ ಮಲಂಗಸಾಬ. ಅವನೂ ಸ್ಟೇಷನ್ನನ್ನು ದೂರದಿಂದ ನೋಡಿದ್ದನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಮರುದಿನವೇ ಬಾಳೆಹಣ್ಣಿನ ಬಂಡಿ ಹತ್ತಿದ.

ಕಲಬುರಗಿಯಲ್ಲಿ ಅವನ ತಂಗಿ ಹಾಜಿರಾಳ ಮನೆ ದರ್ಗಾದ ಹತ್ತಿರದ ರೋಜಾ ಓಣಿಯಲ್ಲಿತ್ತು. ಅಲ್ಲಿ ಇಳಿದುಕೊಂಡು ದಿನಾ ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದ. ಬೇವಿನ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ನೋಡುವುದೇ ಕೆಲಸ. ನೀರಿನ ಟಾಕಿಗೆ ಎಷ್ಟು ಕಾಲು, ಸಿಗ್ನಲ್ಲಿನ ಕೈಕಂಬ ಬೀಳುವಾಗ ಮೊದಲು ನಡುಗುತ್ತದೆಯೋ ನೇರ ಬೀಳುತ್ತದೆಯೋ, ಹಿಂದೂಗಳಿಗೆ ನೀರು ಹಾಕುವವನು ಯಾವ ಕಡೆ ನಿಲ್ಲುತ್ತಾನೆ, ಮುಸಲ್ಮಾನರಿಗೆ ಹಾಕುವವನು ಯಾವ ಕಡೆ, ಇವೆಲ್ಲ ಅವನ ತಲೆಯೊಳಗೆ ಹೋಗಿ ಕೂತವು. ಉರುಸಿಗೆ ಬಂದ ಯಾತ್ರಿಕರ ಗಂಟುಗಳ ಗಂಟನ್ನೂ ಬಿಡಲಿಲ್ಲ.

ಅಲ್ಲಿಯೇ ಅವನಿಗೆ ಸಾಯಬಣ್ಣ ಕಂಡದ್ದು.

ಸಾಯಬಣ್ಣ ಕಮಲಾಪುರದವನೇ, ಮಲಂಗಸಾಬನ ಓಣಿಯವನು. ಊರಲ್ಲಿ ಅವನಿಗೆ ‘ಟೇಸನ್ ಸಾಯಬಣ್ಣ’ ಎಂದೇ ಹೆಸರು. ಟಿಕೀಟು ಕೊಡುವ ನೌಕರಿ ಎಂದು ಎಲ್ಲರೂ ತಿಳಿದಿದ್ದರು. ಹಬ್ಬಕ್ಕೆ ಬಂದಾಗ ಕರಿ ಕೋಟು ತೊಟ್ಟಿರುತ್ತಿದ್ದ. ಆ ಕೋಟಿನ ಆಧಾರದ ಮೇಲೆ ಹೆಂಡತಿ ಭಾಗಮ್ಮನಿಗೆ ಹೆಂಗಸರ ನಡುವೆ ಮುಂದಿನ ಸಾಲಿನಲ್ಲಿ ಜಾಗ. ಮಗಳು ಕಸ್ತೂರಿಬಾಯಿಗೆ ಮಹಾಗಾಂವದ ಒಳ್ಳೆಯ ಮನೆತನದಲ್ಲಿ ಸಂಬಂಧ ಕೂಡಿಬಂದು, ದೀಪಾವಳಿಯ ಆಚೆಗೆ ಮದುವೆ ಎಂದು ಮಾತಾಗಿತ್ತು. ನೌಕರಿಯವನ ಮಗಳು ಎಂದೇ ಅವರು ಒಪ್ಪಿದ್ದು.

ಆ ಸಾಯಬಣ್ಣ ತೋಳಿಗೆ ಹಿತ್ತಾಳೆಯ ಬಿಲ್ಲೆ ಕಟ್ಟಿಕೊಂಡು, ತಲೆಯ ಮೇಲೆ ಯಾರದೋ ತಗಡಿನ ಟ್ರಂಕು ಹೊತ್ತು ಬರುತ್ತಿದ್ದ. ಹಮಾಲ. ಒಂದು ಕೈ ಟ್ರಂಕಿಗೆ, ಇನ್ನೊಂದು ಕೈ ಬೆನ್ನ ಹಿಂದೆ ಸೊಂಟದ ಮೇಲೆ. ಹುಡುಗನಾಗಿದ್ದಾಗ ನೀರಿನ ಕೊಡ ಹೊತ್ತು ಬರುವಾಗಲೂ ಅವನದು ಅದೇ ರೀತಿ. ಹೊರೆಯ ಭಾರಕ್ಕೆ ಕುತ್ತಿಗೆ ಒಂದು ಕಡೆ ಬಾಗಿ ಗದ್ದ ಎದೆಗೆ ತಾಗುವಂತಿತ್ತು. ಮಲಂಗಸಾಬನನ್ನು ಕಂಡವನೇ ಟ್ರಂಕು ಇಳಿಸಿ, ಅವನ ರಟ್ಟೆ ಹಿಡಿದು ನೀರಿನ ಟಾಕಿಯ ಹಿಂದಕ್ಕೆ ಎಳೆದುಕೊಂಡು ಹೋದ.

“ಮಲಂಗಣ್ಣ, ನಿನ್ನ ಕಾಲ ಬೀಳ್ತೀನಿ, ಊರಾಗ ಬಾಯಿ ಬಿಡಬ್ಯಾಡ. ಟಿಕೀಟು ಬಾಬು ಆಗಬೇಕಂತ ಬಂದೆ, ಇಂಗ್ರೇಜಿ ಬರಂಗಿಲ್ಲ ಅಂದ್ರು. ತಿರುಗಿ ಹ್ಯಾಂಗ ಬರಲಿ? ಭಾಗವ್ವಗೂ ಗೊತ್ತಿಲ್ಲ. ಕಸ್ತೂರಿ ಮದಿವಿ ಒಂದು ಆಗಲಿ.”

ಮಲಂಗಸಾಬನಿಗೆ ಅಯ್ಯೋ ಅನಿಸಿತು. ಅನಿಸಿದ್ದು ನಿಜವೇ, ಅದರಲ್ಲಿ ನನಗೆ ಅನುಮಾನವಿಲ್ಲ. “ಖಾಜಾ ಬಂದೇನವಾಜರ ಆಣಿ, ತಮ್ಮಾ. ನನ್ನ ಬಾಯಿಂದ ಒಂದು ಮಾತು ಹೊರಗ ಬೀಳಂಗಿಲ್ಲ,” ಅಂದ. ಸಾಯಬಣ್ಣ ಅವನ ಕೈಗಳನ್ನು ಕಣ್ಣಿಗೊತ್ತಿಕೊಂಡು ಮತ್ತೆ ಟ್ರಂಕು ಹೊತ್ತ.

ಮಲಂಗಸಾಬ ಊರಿಗೆ ಬಂದು ಕೆಲಸ ಹಿಡಿದ. ಎರಡು ಬಾಗಿಲುಗಳಷ್ಟು ಅಗಲದ ಹಲಗೆ. ಹಳೆಯ ಛತ್ರಿಯ ಕಡ್ಡಿಗಳೇ ಹಳಿ, ಬಿದಿರಿನ ಸೀಳುಗಳು ಅಡ್ಡಪಟ್ಟಿ, ಅವುಗಳ ನಡುವೆ ಶಹಾಬಾದಿ ಕಲ್ಲನ್ನು ಕುಟ್ಟಿ ಜರಡಿ ಹಿಡಿದ ಹರಳು. ಬೆಂಡಿನ ಗೋಡೆಗೆ ಸುಣ್ಣ ಬಳಿದ. ಒಡೆದ ಮಡಕೆಯ ಚೂರುಗಳನ್ನು ತಿಕ್ಕಿ ತಿಕ್ಕಿ ಹೆಂಚು ಮಾಡಿದ. ಕುದುರೆಯ ಬಾಲದ ಕೂದಲು ಎಳೆದರೆ ಕೈಕಂಬ ಬೀಳುತ್ತಿತ್ತು, ಅದೂ ಮೊದಲು ನಡುಗಿ ಆಮೇಲೆ. ಕಾಡಿಗೆ ಬಳಿದ ಇಂಜಿನ್ನಿಗೆ ಹತ್ತಿಯ ಹೊಗೆ. ಪ್ಲಾಟ್‌ಫಾರ್ಮಿನ ಮೇಲೆ ರಾಶಿ ಹಾಕಿದ ಬಾಳೆಗೊನೆಗಳನ್ನು ನೋಡಿ ಜಗದೇವಪ್ಪ ದಂಗಾದ. ಒಂದೊಂದು ಹಣ್ಣೂ ಕೆಂಪು ಬಣ್ಣದಲ್ಲಿ ಅದ್ದಿದ ಜೀರಿಗೆ ಕಾಳು.

ಆಮೇಲೆ ಜನ. ಹೆಬ್ಬೆರಳಿನ ಉಗುರಿನಷ್ಟು ಎತ್ತರದವರು. ನೀರಿನವರಿಬ್ಬರು, ಬುರ್ಖಾದ ಹೆಂಗಸರು, ಗಂಟಿನ ಮೇಲೆ ತಲೆಯಿಟ್ಟು ಮಲಗಿದ ಮುದುಕ, ಟೋಪಿಯ ಗಾರ್ಡು, ಎಲ್ಲರೂ ಒಬ್ಬೊಬ್ಬರಾಗಿ ನಿಂತರು. ಹಮಾಲರು ಮಾತ್ರ ಸರಿ ಬರಲಿಲ್ಲ. ಮಾಡಿದವರೆಲ್ಲ ತಲೆಯ ಮೇಲೆ ಹೂವಿನ ಬುಟ್ಟಿ ಹೊತ್ತವರ ಹಾಗೆ ನಿಂತರು, ಭಾರವೇ ಇಲ್ಲ. ಒಂದು ಮಧ್ಯಾಹ್ನ ಚಾಕು ಹಿಡಿದು ಕೂತವನು ಇನ್ನೊಬ್ಬನನ್ನು ಕೆತ್ತಿದ. ಕೆತ್ತಿ ಮುಗಿಸಿ ನೋಡಿದರೆ, ಒಂದು ಕೈ ಟ್ರಂಕಿಗೆ, ಇನ್ನೊಂದು ಕೈ ಬೆನ್ನ ಹಿಂದೆ, ಕುತ್ತಿಗೆ ಬಾಗಿ, ಸಾಯಬಣ್ಣ.

ಅದನ್ನು ಅಲ್ಲಿಯೇ ಒಲೆಗೆ ಹಾಕಬೇಕಿತ್ತು. ಹಾಕಲಿಲ್ಲ. ಅವನು ಅಷ್ಟು ದಿನದಲ್ಲಿ ಮಾಡಿದ್ದರಲ್ಲೆಲ್ಲ ಅದೇ ಚಂದ ಬಂದಿತ್ತು. ಉಗುರಿನಷ್ಟು ಗೊಂಬೆ, ಯಾರಿಗೆ ಗುರುತು ಸಿಗುತ್ತದೆ ಎಂದುಕೊಂಡ. ಬಾಯಿ ಬಿಡುವುದಿಲ್ಲ ಎಂದು ತಾನೇ ಆಣೆ ಇಟ್ಟದ್ದು, ಬಾಯಿ ಬಿಟ್ಟಿಲ್ಲವಲ್ಲ ಎಂದುಕೊಂಡ. ಮನುಷ್ಯ ತನ್ನ ಮುಂದೆ ತಾನೇ ವಕೀಲಿ ಮಾಡಲು ನಿಂತರೆ ಸೋಲುವುದುಂಟೇ? ಗೊಂಬೆಯನ್ನು ಬಾಳೆಗೊನೆಗಳ ಹಿಂದೆ, ಮುಖ ಗೊನೆಗಳ ಕಡೆಗೆ ಮಾಡಿ ನಿಲ್ಲಿಸಿದ.

ಲಕ್ಷ್ಮಿ ಕೂತ ದಿನ ಜಗದೇವಪ್ಪನ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಮಲಂಗಸಾಬ ಹೊರಗಿನ ಕಟ್ಟೆಯ ಮೇಲೆ ಕಿಟಕಿಗೆ ಆತುಕೊಂಡು ಕೂತಿದ್ದ. ಕಿಟಕಿಯಿಂದ ಒಳಗೆ ಹೋದ ದಾರ ಎಳೆದರೆ ರೈಲು ಓಡುತ್ತಿತ್ತು. ಒಳಗಿನಿಂದ ಬರುವ ‘ಅಯ್ಯ’, ‘ಅವ್ವವ್ವ’ ಎಂಬ ಉದ್ಗಾರಗಳನ್ನೆಲ್ಲ ಅವನು ಹೊಟ್ಟೆ ತುಂಬ ಉಂಡ. ಶಿವಕಾಂತಮ್ಮ ಬಂದವರಿಗೆಲ್ಲ ಉಡಿ ತುಂಬುತ್ತ, ತಾನೇ ಹುಟ್ಟಿದಾಗಿನಿಂದ ರೈಲಿನಲ್ಲಿ ತಿರುಗಿದವಳಂತೆ, “ಇದು ಗಾಡಿ ನಿಂದ್ರೂ ಜಾಗ, ಇದು ಬಾಬು ಕೂಡೂ ಜಾಗ” ಎಂದು ತೋರಿಸುತ್ತಿದ್ದಳು.

ಹೆಂಗಸರು ಒಂದೇ ಕಡೆ ಕೂಡುತ್ತಾರೆಯೇ? ಹಲಗೆಯ ಸುತ್ತ ಕೂತಿದ್ದರು. ಇತ್ತಲಿನವರಿಗೆ ಹಿಂದಾದದ್ದು ಅತ್ತಲಿನವರಿಗೆ ಮುಂದು. ಅತ್ತ ಕೂತಿದ್ದ ಮುದುಕಿಯೊಬ್ಬಳು ಬಗ್ಗಿ ನೋಡಿ ನಕ್ಕಳು.

“ಇದ ನೋಡವ್ವ ಭಾಗವ್ವ, ಈ ಹಮಾಲ ನಿನ್ನ ಗಂಡನಂಗೇ ಟೊಂಕದ ಮ್ಯಾಲ ಕೈ ಇಟ್ಟಾನ!”

ಎಲ್ಲರೂ ನಕ್ಕರು. ಭಾಗಮ್ಮನೂ ನಕ್ಕಳು. “ನಮ್ಮ ಮನಿಯವರ ಕೈ ಬರೇ ಟಿಕೀಟು ಹರೀತಾವವ್ವ,” ಅಂದಳು. ಮತ್ತೊಂದು ನಗು. ಅಲ್ಲಿಗೆ ಆ ಮಾತು ಮುಗಿದಿತ್ತು. ನಿಜಕ್ಕೂ ಮುಗಿದಿತ್ತು. ಯಾರೋ ಆಗಲೇ ಕೈಕಂಬದ ಸುದ್ದಿ ಎತ್ತಿದ್ದರು.

ಕಿಟಕಿಯ ಹೊರಗೆ ಕೂತವನಿಗೆ ಮಾತ್ರ ಮುಗಿದಿರಲಿಲ್ಲ. ಕೈಯಲ್ಲಿದ್ದ ದಾರ ಬಿಟ್ಟ. ರೈಲು ನಡುದಾರಿಯಲ್ಲಿ ನಿಂತುಬಿಟ್ಟಿತು. ಏನಾಯಿತೆಂದು ಹೆಂಗಸರು ತಲೆಯೆತ್ತುವಷ್ಟರಲ್ಲಿ ಮಲಂಗಸಾಬ ಒಳಗೆ ಬಂದಿದ್ದ. ಹೆಂಗಸರು ತುಂಬಿದ ಪಡಸಾಲೆ, ಅಂಥದರಲ್ಲಿ ಗಂಡಸು. ಸೆರಗು ಎಳೆದುಕೊಳ್ಳುತ್ತ ಅವರು ಸರಿದರೆ, ಇವನು ಯಾರ ಮುಖವನ್ನೂ ನೋಡದೆ ಹಲಗೆಯ ಮೇಲೆ ಬಾಗಿ, ಬಾಳೆಗೊನೆಗಳ ಹಿಂದಿನ ಆ ಗೊಂಬೆಯೊಂದನ್ನೇ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡ.

“ಇವ... ಇವ ಬ್ಯಾರೆ ಯಾರೋ ಅದಾನ,” ಅಂದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ನೀವು ಗಾದೆಯಲ್ಲಿ ಕೇಳಿದ್ದೀರಿ. ಇವನು ಮುಟ್ಟಿಕೊಂಡದ್ದು ತನ್ನ ಹೆಗಲನ್ನಲ್ಲ, ಇನ್ನೊಬ್ಬನ ಹೆಗಲನ್ನು. ಮಲಂಗಸಾಬ ಮೊನ್ನೆಮೊನ್ನೆ ಸ್ಟೇಷನ್ನಿನಲ್ಲಿ ಕೂತು ಬಂದವನು ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನು ಕಂಡದ್ದನ್ನೇ ಕೆತ್ತುವವನು ಎಂಬುದೂ ಗೊತ್ತಿತ್ತು. ಮೊದಲು ಅವನ ಮುಷ್ಟಿಯನ್ನು ನೋಡಿದ ಕಣ್ಣುಗಳು ಆಮೇಲೆ ಒಂದೊಂದಾಗಿ ಭಾಗಮ್ಮನ ಕಡೆ ತಿರುಗಿದವು. ಮಹಾಗಾಂವದ ಬೀಗರ ಅಕ್ಕನೂ ಅಲ್ಲಿಯೇ ಇದ್ದಳು. ಭಾಗಮ್ಮನ ಮುಖದ ಮೇಲೆ ಆಗಿನ ನಗು ಇನ್ನೂ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಆಕೆಗೆ ತಿಳಿಯಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, “ಬರ್ತೀನ್ರೀ ಅಕ್ಕೋರ,” ಎಂದು ಎದ್ದಳು. ಶಿವಕಾಂತಮ್ಮ ಉಡಿ ತುಂಬಲು ತೆಗೆದ ಅಕ್ಕಿ ಮೊರದಲ್ಲೇ ಉಳಿಯಿತು.

ಮಲಂಗಸಾಬ ಮುಂದೆ ಬಹಳ ವರ್ಷ ಬದುಕಿದ. ಬಾಸಿಂಗ ಮಾಡಿದ, ತಾಬೂತ ಮಾಡಿದ. ಕಲಬುರಗಿಯ ಒಬ್ಬ ಸಾಹುಕಾರ ಅಂಥದೇ ರೈಲು ಬೇಕೆಂದು ಆಳು ಕಳಿಸಿದರೆ, ಕಣ್ಣು ಮಂಜಾಗಿದೆ ಎಂದು ಹೇಳಿ ಕಳಿಸಿದ. ಕಣ್ಣಿಗೆ ಏನೂ ಆಗಿರಲಿಲ್ಲ. ರೋಜಾಕ್ಕೆ ಹೋಗುವಾಗ ಸ್ಟೇಷನ್ನಿನ ದಾರಿ ಬಿಟ್ಟು ಸುತ್ತಿಬಳಸಿ ಹೋಗುತ್ತಿದ್ದ. ಅದೆಲ್ಲ ಆಮೇಲಿನದು. ಸಾಯಬಣ್ಣ ಅವನ ಮನೆಗೆ ಬಂದದ್ದು ಆ ಹಬ್ಬದ ವಾರದಲ್ಲೇ. ಅಂದು ಆಡಿದ ಮಾತುಗಳನ್ನು ಒಳಗೆ ನಿಂತು ಕೇಳಿದವಳು ಮಲಂಗಸಾಬನ ಹೆಂಡತಿ ಜುಬೇದಾ.

ಸುದ್ದಿ ಬಾಳೆಹಣ್ಣಿನ ಬಂಡಿಯಲ್ಲೇ ಕಲಬುರಗಿಗೆ ಹೋಗಿತ್ತು. ಸಾಯಬಣ್ಣ ಈ ಸಲ ಕೋಟು ಹಾಕಿಕೊಳ್ಳದೆ ಬಂದಿದ್ದ. ಮಲಂಗಸಾಬ ಬಾಗಿಲಲ್ಲಿ ಅವನನ್ನು ಕಂಡು ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡ, ಹೊಡೆದರೆ ಒಳ್ಳೆಯದಿತ್ತು ಎಂದೂ ಅನಿಸಿತು. ಸಾಯಬಣ್ಣ ಹೊಸಿಲ ಮೇಲೆ ಕೂತ.

“ಮಹಾಗಾಂವದವರು ಬ್ಯಾಡಂತ ಹೇಳಿ ಕಳಿಸ್ಯಾರ,” ಅಂದ.

“ನಾ ಬಾಯಿ ಬಿಟ್ಟಿಲ್ಲ, ತಮ್ಮಾ,” ಅಂದ ಮಲಂಗಸಾಬ. ಅಂದವನಿಗೇ ತನ್ನ ಮಾತು ಕೇಳಿ ಹೇಸಿಗೆಯಾಯಿತು.

“ಹೌದು, ಬಿಟ್ಟಿಲ್ಲ,” ಅಂದ ಸಾಯಬಣ್ಣ. “ಎಲ್ಲಿ ಅದ ಆ ಗೊಂಬಿ? ತೋರ್ಸು.”

ಮಲಂಗಸಾಬ ಅದನ್ನು ಸುಟ್ಟಿರಲಿಲ್ಲ, ಒಡೆದಿರಲಿಲ್ಲ. ಅಷ್ಟಾದ ಮೇಲೂ ಅವನ ಕೈಗೆ ಅದನ್ನು ಕೆಡಿಸಲು ಆಗಿರಲಿಲ್ಲ. ತಾಬೂತದ ಕಾಗದಗಳ ಸಂದಿಯಿಂದ ಅದನ್ನು ತೆಗೆದು ಕೊಡುವಾಗ ಆ ನಾಚಿಕೆಗೆ ತಲೆ ಎತ್ತಲಾಗಲಿಲ್ಲ.

ಸಾಯಬಣ್ಣ ಗೊಂಬೆಯನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದ. ಮುಂದೆ ನೋಡಿದ, ಹಿಂದೆ ನೋಡಿದ. ಬೆನ್ನ ಹಿಂದಿನ ಕೈಯನ್ನು ಉಗುರಿನಿಂದ ಮುಟ್ಟಿದ. ಬೈಗುಳಕ್ಕೆ ಕಾದು ನಿಂತ ಮಲಂಗಸಾಬನಿಗೆ ಕೇಳಿಸಿದ್ದು ಬೇರೆಯೇ ಮಾತು.

“ನಾ ನೆಟ್ಟಗ ನಡೀತೀನಿ ಅಂತ ತಿಳಕೊಂಡಿದ್ದೆ, ಮಲಂಗಣ್ಣ. ಇಷ್ಟು ಬಗ್ಗತೀನೇನು ನಾ?”

“ಇಲ್ಲ ತಮ್ಮಾ, ಇಲ್ಲ. ನನ್ನ ಕೈ ತಪ್ಪ್ಯಾದ,” ಅಂದ ಮಲಂಗಸಾಬ.

ಸಾಯಬಣ್ಣ ಅವನ ಮುಖ ನೋಡಿದ. ಗೊಂಬೆಯನ್ನು ಹೊಸಿಲ ಮೇಲಿಟ್ಟು ಎದ್ದು ಓಣಿಗಿಳಿದ. ಜನ ಬಾಗಿಲುಗಳಲ್ಲಿ ನಿಂತಿದ್ದರು. ಅವರ ನಡುವೆ ಅವನು ಎರಡೂ ಕೈಗಳನ್ನು ಮುಂದೆ ಜೋತುಬಿಟ್ಟು, ಕುತ್ತಿಗೆಯನ್ನು ಸೆಟೆಸಿ ನೆಟ್ಟಗೆ ಹಿಡಿದು ನಡೆದ. ಹೊರೆಯಿಲ್ಲದ ತಲೆಯನ್ನು ಹಾಗೆ ಎತ್ತಿ ಹಿಡಿಯಲು ಅವನು ಪಡುತ್ತಿದ್ದ ಕಷ್ಟ ಓಣಿಯಲ್ಲಿ ಬೇರೆ ಯಾರಿಗೂ ಕಾಣಲಿಲ್ಲ. ಮಲಂಗಸಾಬನಿಗೆ ಎಲ್ಲ ಕಾಣಿಸಿತು. ಅವನು ಒಳಗೆ ಬಂದು ಬಾಗಿಲು ಹಾಕಿಕೊಂಡ.